ಗುಂಡಿಗೆ ಬಿದ್ದವನನ್ನು ನೋಡಿ ನಕ್ಕ ನಾಲ್ಕು ಊರು

ಆ ಆಸ್ಟ್ರೇಲಿಯಾದ ಸಿನಿಮಾವನ್ನು ನಾನು ಆರು ಸಲ ನೋಡಿದ್ದೇನೆ. ಎರಡು ಸಲ ಮನೆಯಲ್ಲಿ ಒಬ್ಬನೇ ಕುಳಿತು, ನಾಲ್ಕು ಸಲ ಜನರ ಮುಂದೆ ಮೈಕ್ ಹಿಡಿದುಕೊಂಡು. ಈಗಲೂ ಅದರ ಒಂದು ದೃಶ್ಯ ಕಣ್ಣ ಮುಂದೆ ಬಂದರೆ ಹೇಸಿಗೆಯಾಗುತ್ತದೆ. ಅದರಲ್ಲಿ ಸಿನಿಮಾ ಮಾಡಿದವರ ಪಾಲು ಬಹಳ ಕಡಿಮೆ.

ನಾನು ಸಿಂದಗಿಯ ಒಂದು ಪದವಿಪೂರ್ವ ಕಾಲೇಜಿನಲ್ಲಿ ಇಂಗ್ಲಿಷ್ ಕಲಿಸುತ್ತೇನೆ. ಸಿನಿಮಾದ ಹುಚ್ಚಿದ್ದ ನಾವು ಐದು ಜನ ಸೇರಿ ಇಂಡಿ, ಸಿಂದಗಿ, ಬಸವನ ಬಾಗೇವಾಡಿ, ಮುದ್ದೇಬಿಹಾಳ ಈ ನಾಲ್ಕು ಊರುಗಳಲ್ಲಿ ತಿಂಗಳಿಗೊಂದು ಸಿನಿಮಾ ತೋರಿಸುತ್ತಿದ್ದೆವು. ಒಂದೊಂದು ಭಾನುವಾರ ಒಂದೊಂದು ಊರು, ಬೆಳಿಗ್ಗೆ ಹನ್ನೊಂದಕ್ಕೆ. ನಮ್ಮ ಮುಂದಾಳು ಇಂಡಿಯವರು; ಬ್ಯಾಂಕಿನಲ್ಲಿ ಮ್ಯಾನೇಜರ್ ಆಗಿ ನಿವೃತ್ತರಾಗಿ ಲಿಂಬೆ ತೋಟ ನೋಡಿಕೊಂಡಿದ್ದರು. ಪ್ರೊಜೆಕ್ಟರ್ ಅವರದು, ಓಡಾಡುವ ಕಾರೂ ಅವರದು. ನಾವೆಲ್ಲ ಅವರನ್ನು ಮ್ಯಾನೇಜರ್ ಸಾಹೇಬರು ಎನ್ನುತ್ತಿದ್ದೆವು. ನನ್ನ ಮೇಲೆ ಅವರಿಗೆ ವಿಶ್ವಾಸ. ಮೊದಲ ಸಲ ಪರಿಚಯವಾದಾಗ "ನಿಮ್ಮ ತಂದಿಯವರು ಏನ್ ಮಾಡ್ತಿದ್ರಿ?" ಎಂದು ಕೇಳಿದ್ದರು. "ಪುರಸಭೆದಾಗ ಕ್ಲರ್ಕ್ ಇದ್ರು" ಎಂದಿದ್ದೆ. ಆ ಸುಳ್ಳು ನನಗೆ ಹೊಸದಲ್ಲ. ಕಾಲೇಜು ಕಲಿಯುವಾಗಿನಿಂದ ಹೇಳಿಕೊಂಡು ಬಂದದ್ದು. ಅದನ್ನು ಹೇಳುವಾಗ ನಾಲಗೆ ತಡವರಿಸುವುದನ್ನೂ ಬಿಟ್ಟಿತ್ತು.

ಈ ಆಸ್ಟ್ರೇಲಿಯಾದ ಸಿನಿಮಾಕ್ಕಿಂತ ಮೊದಲು ನಾವು ತೋರಿಸುತ್ತಿದ್ದವು ಗಂಭೀರ ಸಿನಿಮಾಗಳು. ಅರ್ಧಕ್ಕೇ ಕುರ್ಚಿಗಳು ಖಾಲಿಯಾಗುತ್ತಿದ್ದವು. ಒಂದು ದಿನ ಸಾಹೇಬರು ಫೋನ್ ಮಾಡಿದರು.

"ಸರ, ಅಳಸೂ ಪಿಚ್ಚರ ಸಾಕ್ರಿ. ಮಂದಿ ನಗೂದ ಮರ್ತಾರ. ಒಂದು ಆಸ್ಟ್ರೇಲಿಯಾದ್ದು ಸಿಕ್ಕೈತಿ. ನಮ್ಮಂಗ ಒಣಾ ಊರು, ಕುರಿ, ಕೆಂಪು ಮಣ್ಣು. ನಕ್ಕು ನಕ್ಕು ಹೊಟ್ಟಿ ಹುಣ್ಣಾಗತೈತಿ ನೋಡ್ರಿ. ಆದ್ರ ಆ ಮಂದಿ ಇಂಗ್ಲಿಷ್ ನಮ್ಮವರಿಗೆ ತಿಳಿಯಂಗಿಲ್ಲ. ನೀವು ಮೈಕ್ ಹಿಡದು ಕನ್ನಡದಾಗ ಹೇಳಬೇಕು."

ಒಪ್ಪಿಕೊಂಡೆ. ಮನೆಯಲ್ಲಿ ಹಾಕಿ ನೋಡಿದೆ. ಕಥೆ ಎಂದರೆ ಇಷ್ಟೇ. ಒಬ್ಬ ಡೊಳ್ಳು ಹೊಟ್ಟೆಯವನು ಊರಿನ ಕೇಕ್ ಸ್ಪರ್ಧೆ ಗೆಲ್ಲಬೇಕೆಂದು ಪಣ ತೊಟ್ಟಿರುತ್ತಾನೆ. ಅವನ ಹಿತ್ತಿಲಲ್ಲಿ ಪಾಯಖಾನೆಯ ಗುಂಡಿ, ಅದರ ಮುಚ್ಚಳ ಒಡೆದಿದೆ. ಕುರಿ ಗುದ್ದಿ ಒಮ್ಮೆ, ಏಣಿ ಜಾರಿ ಒಮ್ಮೆ, ಹೆಂಡತಿಯ ತಮ್ಮ ಬಾಗಿಲು ತಳ್ಳಿ ಒಮ್ಮೆ, ಹೀಗೆ ಮೂರು ಸಲ ಗುಂಡಿಗೆ ಬೀಳುತ್ತಾನೆ. ಪ್ರತಿ ಸಲ ಅವನು ತಲೆ ಮೇಲೆತ್ತಿದಾಗ ಮರದ ಮೇಲಿನ ಒಂದು ಹಕ್ಕಿ ಥೇಟ್ ಮನುಷ್ಯರ ಹಾಗೆ ನಗುತ್ತದೆ. ಮೂರನೆಯ ಸಲ ಹೊತ್ತಾಯಿತೆಂದು ಅದೇ ಮೈಯಲ್ಲಿ ಸ್ಪರ್ಧೆಗೆ ಓಡುತ್ತಾನೆ. ಅಲ್ಲಿ ತೀರ್ಪುಗಾರರು ಒಬ್ಬರ ನಂತರ ಒಬ್ಬರು ಕೇಕಿನ ಮೇಲೆಯೇ ಕಾರಿಕೊಳ್ಳುತ್ತಾರೆ. ನನಗೆ ಒಂದು ಸಲವೂ ನಗು ಬರಲಿಲ್ಲ. ಅಂದು ಮಧ್ಯಾಹ್ನದ ಊಟ ಬಿಟ್ಟೆ.

ಹಾಗಿದ್ದರೂ ಇಂಡಿಗೆ ಹೋದೆ. ಮದುವೆ ಮಂಟಪದ ಸಣ್ಣ ಹಾಲ್, ಜನ ಚೆನ್ನಾಗಿಯೇ ಸೇರಿದ್ದರು. ನಾನು ಪರದೆಯ ಪಕ್ಕ ಸ್ಟೂಲ್ ಹಾಕಿಕೊಂಡು, ಪಾತ್ರಗಳು ಆಡಿದ ಮಾತನ್ನು ಒಂದೂ ಬಿಡದೆ ಶುದ್ಧ ಕನ್ನಡದಲ್ಲಿ ಹೇಳುತ್ತ ಹೋದೆ. "ಅಯ್ಯೋ, ನಾನು ಮಲದ ಗುಂಡಿಗೆ ಬಿದ್ದುಬಿಟ್ಟೆ" ಎಂದೆ. ಯಾರೂ ನಗಲಿಲ್ಲ. ಮುಂದಿನ ಸಾಲಿನ ಹೆಂಗಸರು ಮೂಗಿಗೆ ಸೆರಗು ಒತ್ತಿಕೊಂಡರು. ಪರದೆಯಿಂದ ವಾಸನೆ ಬರುವುದಿಲ್ಲ ಎಂಬುದು ಅವರಿಗೂ ಗೊತ್ತು, ಆದರೂ ಕೈ ತಾನಾಗಿ ಮೂಗಿಗೆ ಹೋಗುತ್ತಿತ್ತು. ಒಬ್ಬ ಅಜ್ಜಿ ಎದ್ದು ನಿಂತು ನನ್ನ ಕಡೆಯೇ ನೋಡಿ ಹೇಳಿದಳು:

"ಉಂಡು ಬಂದೇವೋ ಎಪ್ಪಾ. ಇದೇನ್ ತೋರಸಾಕತ್ತೀರಿ? ಹೇಸಿಗಿ ಬರೂದಿಲ್ಲೇನು ನಿಮಗ?"

ಅವಳು ಮೊಮ್ಮಗಳ ಕೈ ಹಿಡಿದು ಹೊರಟುಹೋದಳು. ಆ ಸಿನಿಮಾಕ್ಕೆ ನಾಲ್ಕು ಊರುಗಳಲ್ಲಿ ಬಂದ ಪ್ರತಿಕ್ರಿಯೆಗಳಲ್ಲಿ ಅದಕ್ಕಿಂತ ಒಳ್ಳೆಯದು ಇನ್ನೊಂದಿಲ್ಲ ಎಂದು ಈಗ ಅನ್ನಿಸುತ್ತದೆ. ಆಗ ಅವಮಾನವಾಯಿತು. ಮಧ್ಯಂತರದಲ್ಲಿ ಸಾಹೇಬರು ಬಳಿ ಬಂದರು.

"ಸರ, ನೀವು ಪಾಠಾ ಹೇಳಾಕತ್ತೀರಿ. ಅಂವ ಏನರೆ ಅನ್ಲಿ, ಬಿಡ್ರಿ. ನಮ್ಮ ಮಾತಿನಾಗ ಹೇಳ್ರಿ. ಸ್ವಲ್ಪ ಉಪ್ಪು ಖಾರ ಹಾಕ್ರಿ."

ಹಾಕಿದೆ. ಎರಡನೆಯ ಸಲ ಅವನು ಗುಂಡಿಗೆ ಬಿದ್ದಾಗ, "ಎಪ್ಪೋ, ಬಾಯಾಗ ಹೋತಲೇ! ಉಪ್ಪ ಕಡಿಮಿ ಐತಿ!" ಎಂದು ಕೂಗಿದೆ. ಹಾಲ್ ಒಮ್ಮೆಲೇ ಸ್ಫೋಟಿಸಿದಂತೆ ನಕ್ಕಿತು. ಮೂಗಿಗೆ ಸೆರಗು ಹಿಡಿದಿದ್ದವರು ಅದೇ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ನಕ್ಕರು. ಇಪ್ಪತ್ತು ವರ್ಷ ಪಾಠ ಮಾಡಿದ್ದೇನೆ, ಅಂಥ ನಗು ನನ್ನಿಂದ ಯಾರಿಗೂ ಬಂದಿರಲಿಲ್ಲ. ಮೈ ಜುಮ್ಮೆಂದಿತು. ಮುಚ್ಚಿಟ್ಟು ಪ್ರಯೋಜನವಿಲ್ಲ, ನನಗೆ ಬಹಳ ಖುಷಿಯಾಯಿತು.

ಸಿಂದಗಿಯ ಪ್ರದರ್ಶನಕ್ಕೆ ಮೊದಲು ಮತ್ತೊಮ್ಮೆ ಸಿನಿಮಾ ಹಾಕಿಕೊಂಡು ನೋಟ್‌ಬುಕ್ಕಿನಲ್ಲಿ ಮಾತುಗಳನ್ನು ಬರೆದೆ. ಡೊಳ್ಳು ಹೊಟ್ಟೆಯವನಿಗೆ ಅಡ್ಡಹೆಸರು ಇಟ್ಟೆ, ಕುರಿಗೂ ಮಾತು ಕೊಟ್ಟೆ. ಮೂರನೆಯ ಸಲ ಅವನು ಗುಂಡಿಯಿಂದ ಎದ್ದು ಬರುವಾಗ ಹೆಂಡತಿ ಬಾಗಿಲಲ್ಲಿ ನಿಂತು ಏನೋ ಕಿರುಚುತ್ತಾಳೆ. ಅಲ್ಲಿ ಏನು ಹಾಕುವುದೆಂದು ಪೆನ್ನು ಹಿಡಿದು ಕುಳಿತೆ. ಮಾತು ಹುಡುಕಬೇಕಾಗಲೇ ಇಲ್ಲ, ತಾನಾಗಿ ಬಂತು. "ಅಲ್ಲೇ ನಿಂದರ್ರಿ! ಹೊಸ್ತಿಲಾ ದಾಟಬ್ಯಾಡ್ರಿ! ನೀರ ತರ್ತೇನಿ!" ಬರೆದೆ, ಒಂದು ಸಲ ಗಟ್ಟಿಯಾಗಿ ಹೇಳಿ ನೋಡಿದೆ. ಚೆನ್ನಾಗಿದೆ ಅನ್ನಿಸಿತು.

ಸಿಂದಗಿಯಲ್ಲಿ ಬಂದವರು ಹೆಚ್ಚಾಗಿ ಕಾಲೇಜು ವಿದ್ಯಾರ್ಥಿಗಳು. ಚುರುಮರಿ ಪೊಟ್ಟಣ ಕೈಯಲ್ಲಿ ಹಿಡಿದು, ಪರದೆಯ ಮೇಲೆ ಆ ಹೊಲಸು ಹರಿಯುತ್ತಿರುವಾಗಲೇ ಬಾಯಿಗೆ ಹಾಕಿಕೊಳ್ಳುತ್ತ, ನಗುವಾಗ ಅರ್ಧ ಜಗಿದ ಚುರುಮರಿಯನ್ನು ಮುಂದಿನವನ ಬೆನ್ನಿಗೆ ಉಗುಳುತ್ತ ಕುಳಿತಿದ್ದರು. ಹೆಂಡತಿಯ ಮಾತು ಬಂದಾಗ ಸಿಳ್ಳೆ ಹೊಡೆದರು. "ಮತ್ತೊಮ್ಮೆ! ಮತ್ತೊಮ್ಮೆ!" ಎಂದು ಬೆಂಚು ಗುದ್ದಿದರು. ಸಾಹೇಬರು ದೃಶ್ಯವನ್ನು ಹಿಂದಕ್ಕೆ ಓಡಿಸಿದರು. ನಾನು ಅದೇ ಮಾತನ್ನು ಇನ್ನೊಮ್ಮೆ, ದನಿಯನ್ನು ಇನ್ನಷ್ಟು ಹೆಣ್ಣಾಗಿಸಿ ಹೇಳಿದೆ.

ಹೇಳಿ ಮುಗಿಯುವಷ್ಟರಲ್ಲಿ ನನಗೆ ಗೊತ್ತಾಯಿತು, ಅದು ನನ್ನ ಅವ್ವನ ಮಾತು.

ನನ್ನ ಅಪ್ಪ ಪುರಸಭೆಯಲ್ಲಿದ್ದದ್ದು ನಿಜ. ಯಾವ ಊರಿನದೆಂಬುದು ಬೇಡ. ಕ್ಲರ್ಕ್ ಆಗಿರಲಿಲ್ಲ. ಪಾಯಖಾನೆಯ ಗುಂಡಿ ತುಂಬಿದವರ ಮನೆಗೆ ಹೋಗಿ, ಮೈಗೆಲ್ಲ ಎಣ್ಣೆ ಬಳಿದುಕೊಂಡು, ಸೊಂಟಕ್ಕೆ ಹಗ್ಗ ಕಟ್ಟಿಕೊಂಡು ಒಳಗೆ ಇಳಿಯುತ್ತಿದ್ದ. ಮಧ್ಯಾಹ್ನ ಮನೆಗೆ ಬಂದಾಗ ಅವ್ವ ಬಾಗಿಲಲ್ಲಿ ನಿಂತು ಇವೇ ಮಾತು ಹೇಳುತ್ತಿದ್ದಳು. ಅಂಗಳದ ಕಲ್ಲಿನ ಮೇಲೆ ಅವನನ್ನು ನಿಲ್ಲಿಸಿ ಕೊಡ ಕೊಡ ನೀರು ಸುರಿಯುತ್ತಿದ್ದಳು. ಎಷ್ಟು ಸುರಿದರೂ ನನ್ನ ಮೂಗಿನಿಂದ ಆ ವಾಸನೆ ಹೋಗುತ್ತಿರಲಿಲ್ಲ. ಅಪ್ಪ ಊಟಕ್ಕೆ ಕುಳಿತರೆ ನಾನು ತಾಟು ತೆಗೆದುಕೊಂಡು ಪಡಸಾಲೆಗೆ ಹೋಗುತ್ತಿದ್ದೆ. ಒಮ್ಮೆ ಅವನು ಕೈಯಾರೆ ಮುರಿದುಕೊಟ್ಟ ರೊಟ್ಟಿಯನ್ನು ನಾಯಿಗೆ ಹಾಕಿದೆ. ಅವನು ನೋಡಿದ. ಮರುದಿನದಿಂದ ನನ್ನ ತಾಟನ್ನು ಮುಟ್ಟುವುದನ್ನು ಬಿಟ್ಟ.

ಸಿಂದಗಿಯ ಹಾಲಿನಲ್ಲಿ ಹುಡುಗರು ಚಪ್ಪಾಳೆ ತಟ್ಟುತ್ತಿದ್ದರು. ನಾನು ಸ್ಟೂಲಿನಿಂದ ಎದ್ದು ನಮಸ್ಕಾರ ಮಾಡಿದೆ. ಮಾಡಬಾರದಿತ್ತು, ಮಾಡಿದೆ.

ಮುಂದಿನ ವಾರ ಬಸವನ ಬಾಗೇವಾಡಿ. ಆ ಮಾತನ್ನು ಬಿಟ್ಟುಬಿಡಬೇಕು ಎಂದುಕೊಂಡೇ ಹೋದೆ. ಆದರೆ ಅಷ್ಟರಲ್ಲಿ ಸಿಂದಗಿಯಲ್ಲಿ ಯಾರೋ ಫೋನಿನಲ್ಲಿ ಅದನ್ನು ಹಿಡಿದು ಎಲ್ಲ ಕಡೆ ಹರಿಬಿಟ್ಟಿದ್ದರು. ಜನ ಅದನ್ನೇ ಕೇಳಲು ಬಂದಿದ್ದರು. ನಾನು ಬಾಯಿ ತೆರೆಯುವ ಮೊದಲೇ ಹಿಂದಿನ ಸಾಲಿನವರು "ಅಲ್ಲೇ ನಿಂದರ್ರಿ!" ಎಂದು ಕೂಗಿದರು. ಅವರ ಹಿಂದೆಯೇ ನಾನೂ ಹೇಳಿದೆ.

ಅಂದು ಅಲ್ಲಿನ ನಮ್ಮ ಸದಸ್ಯರೊಬ್ಬರ ಮನೆಯಲ್ಲಿ ಊಟ. ದೊಡ್ಡ ಮನೆ, ಒಳ್ಳೆಯ ಜನ. ಜೋಳದ ರೊಟ್ಟಿ, ಎಣ್ಣೆಗಾಯಿ, ಗಟ್ಟಿ ಮೊಸರು. ಮನೆಯ ಯಜಮಾನರು ನನ್ನ ತಾಟಿಗೆ ಶೇಂಗಾ ಚಟ್ನಿ ಹಾಕುತ್ತ ಹೇಳಿದರು:

"ನಮ್ಮ ಟ್ಯಾಂಕ್ ತೆಗ್ಯಾಕ ಬರಾಂವಗ ಈ ಪಿಚ್ಚರ್ ತೋರಸಬೇಕ್ರಿ ಸರ. ಹೋದ ಸಲ ಮಷಿನ್ ಒಳಗ ಬರಲಿಲ್ಲ ಅಂತ ಅಂವನ್ನ ಕರಸಿದ್ವಿ. ಒಂದ ಬಾಟ್ಲಿ ಕೊಟ್ರ ಸಾಕು, ಮೀನಿನಂಗ ಇಳೀತಾನ!"

ಪಂಕ್ತಿಯೆಲ್ಲ ನಕ್ಕಿತು. ನಾನೂ ನಕ್ಕೆ. ಬಾಯಲ್ಲಿದ್ದ ರೊಟ್ಟಿ ಮೇಲೂ ಬರಲಿಲ್ಲ, ಕೆಳಗೂ ಇಳಿಯಲಿಲ್ಲ. ನಗುತ್ತಿದ್ದ ಆ ಬಾಯಿಗಳನ್ನು, ತುಟಿಗೆ ಮೆತ್ತಿದ ಮೊಸರನ್ನು, ಎಣ್ಣೆ ಹತ್ತಿದ ಬೆರಳುಗಳನ್ನು ನೋಡಿ ಹೇಸಿಗೆಯಾಯಿತು. ಅವರ ಜೊತೆ ಅಲುಗುತ್ತಿದ್ದ ನನ್ನ ದವಡೆಯ ಬಗ್ಗೆಯೂ. ನೀರು ಕುಡಿದು ನುಂಗಿದೆ. ಯಜಮಾನರು ಇನ್ನೊಂದು ರೊಟ್ಟಿ ಹಾಕಿದರು, ಅದನ್ನೂ ತಿಂದೆ. ತಿಂದೆದ್ದು ಕೈ ತೊಳೆಯುವ ಜಾಗದಲ್ಲಿ ಎಲ್ಲವನ್ನೂ ಕಾರಿಕೊಂಡೆ. "ಬಿಸಲು ಭಾಳ ಐತಲ್ರಿ" ಎಂದು ಮನೆಯವರು ಲಿಂಬೆ ಶರಬತ್ತು ತಂದುಕೊಟ್ಟರು.

ಉಳಿದದ್ದು ಮುದ್ದೇಬಿಹಾಳ. ಅಪ್ಪ ಇರುವುದು ಅಲ್ಲೇ, ನನ್ನ ತಂಗಿಯ ಮನೆಯಲ್ಲಿ. ಅವ್ವ ತೀರಿಹೋದ ಮೇಲೆ ಅವನು ನನ್ನ ಮನೆಗೆ ಬಂದಿರಲಿಲ್ಲ, ನಾನೂ ಒತ್ತಾಯ ಮಾಡಿರಲಿಲ್ಲ. ಶನಿವಾರ ಸಂಜೆ ತಂಗಿ ಫೋನ್ ಮಾಡಿದಳು.

"ಅಣ್ಣಾ, ನಾಳಿಗಿ ನೀ ಇಲ್ಲೇ ಬರಾಕತ್ತೀಯಂತ. ಅಪ್ಪ ನೋಡಾಕ ಬರ್ತೇನಿ ಅಂತಾನ."

"ಬ್ಯಾಡವಾ. ಅದು ಇಂಗ್ಲಿಷ್ ಪಿಚ್ಚರ್. ಅಂವಗ ತಿಳಿಯಂಗಿಲ್ಲ."

"ನೀನ ಕನ್ನಡದಾಗ ಹೇಳ್ತೀಯಂತಲ್ಲ? ಮಗಾ ಮೈಕ್ ಹಿಡದು ಮಾತಾಡೂದು ಒಮ್ಮೆರೆ ನೋಡಬೇಕು ಅಂತಾನ. ಬೆಳಗಿನಿಂದ ಧೋತರಾ ಇಸ್ತ್ರಿ ಮಾಡಸಾಕ ಹಿಂದ ಬಿದ್ದಾನ."

ನಾನು ಫೋನ್ ಇಟ್ಟೆ. ಮರುದಿನ ಸಾಹೇಬರ ಕಾರಿನಲ್ಲಿ ಹೋಗುವಾಗ, ಗಂಟಲು ಕೆಟ್ಟಿದೆ, ಇವತ್ತು ನನ್ನಿಂದ ಆಗುವುದಿಲ್ಲ ಎಂದು ಹೇಳಬೇಕೆಂದು ಎರಡು ಮೂರು ಸಲ ಬಾಯಿ ತೆರೆದೆ. ಸಾಹೇಬರು ನಾಲತವಾಡದಿಂದಲೂ ಜನ ಬರುತ್ತಿದ್ದಾರೆ, ಆಲಮಟ್ಟಿಯ ಕಾಲುವೆ ಆಫೀಸಿನವರು ಕುಟುಂಬ ಸಮೇತ ಬರುತ್ತಿದ್ದಾರೆ ಎಂದು ಹೇಳುತ್ತಲೇ ಇದ್ದರು. ಹೇಳಲಾಗಲಿಲ್ಲ.

ಅಪ್ಪ ಮೂರನೆಯ ಸಾಲಿನ ತುದಿಯಲ್ಲಿ ಕುಳಿತಿದ್ದ. ಬಿಳಿ ಧೋತರ, ಬಿಳಿ ಅಂಗಿ, ತೊಡೆಯ ಮೇಲೆ ಮಡಿಸಿಟ್ಟ ಟವೆಲ್. ನನ್ನನ್ನು ಕಂಡು ಕೈ ಎತ್ತಲಿಲ್ಲ. ಸಭೆಯಲ್ಲಿ ನನ್ನ ಗುರುತು ಹೇಳಿಕೊಳ್ಳಬಾರದೆಂದು ಅವನೇ ಮಾಡಿಕೊಂಡ ನಿಯಮ ಅದು. ನಾನೂ ಅದನ್ನು ಎಂದೂ ಮುರಿಯಲು ಹೇಳಿರಲಿಲ್ಲ.

ಮೊದಲ ಎರಡು ಗುಂಡಿಯ ದೃಶ್ಯಗಳಲ್ಲಿ ನಾನು ಅಷ್ಟಿಷ್ಟು ಹೇಳಿದೆ. ಜನ ನಕ್ಕರು. ಮೂರನೆಯದು ಬಂದಾಗ ಮೈಕನ್ನು ತೊಡೆಯ ಮೇಲೆ ಇಟ್ಟುಕೊಂಡೆ. ನಾನು ಸುಮ್ಮನಾದರೆ ನಗು ನಿಲ್ಲುತ್ತದೆ ಎಂದು ಅಂದುಕೊಂಡಿದ್ದೆ. ನಿಲ್ಲಲಿಲ್ಲ. ನಾನಿಲ್ಲದೆಯೂ ಅವರು ನಗಬಲ್ಲವರಾಗಿದ್ದರು. ಡೊಳ್ಳು ಹೊಟ್ಟೆಯವನು ಕಂದು ಬಣ್ಣದಲ್ಲಿ ಅದ್ದಿದಂತೆ ಎದ್ದು ಬಂದ, ಹಕ್ಕಿ ನಕ್ಕಿತು, ಹಾಲ್ ಹಕ್ಕಿಗಿಂತ ಜೋರಾಗಿ ನಕ್ಕಿತು. "ಮೈಕ್! ಮೈಕ್!" ಎಂದು ಕೂಗಿದರು. ಮೈಕ್ ಕೆಟ್ಟಿರಬೇಕೆಂದು ಸಾಹೇಬರು ಓಡಿ ಬಂದು ಅದನ್ನು ತೆಗೆದುಕೊಂಡು ತಟ್ಟಿ ನೋಡಿದರು. ಸರಿ ಇತ್ತು. ನನ್ನ ಮುಖ ನೋಡಿದರು. ಆಮೇಲೆ ತಾವೇ ಪರದೆಯ ಕಡೆ ತಿರುಗಿ, ಹಿಂದಿನ ಎರಡು ಊರುಗಳಲ್ಲಿ ಕೇಳಿ ಬಾಯಿಪಾಠವಾಗಿದ್ದ ಮಾತನ್ನು ನನ್ನದೇ ಹೆಣ್ಣು ದನಿಯಲ್ಲಿ ಹೇಳಿದರು:

"ಅಲ್ಲೇ ನಿಂದರ್ರಿ! ಹೊಸ್ತಿಲಾ ದಾಟಬ್ಯಾಡ್ರಿ! ನೀರ ತರ್ತೇನಿ!"

ಜನ ಕುರ್ಚಿ ಬಿಟ್ಟು ಎದ್ದು ನಕ್ಕರು. ಕತ್ತಲಲ್ಲಿ ನಾನು ಮೂರನೆಯ ಸಾಲಿನ ಕಡೆ ನೋಡಿದೆ. ಅಪ್ಪ ಪರದೆಯನ್ನು ನೋಡುತ್ತಿರಲಿಲ್ಲ. ನನ್ನನ್ನೇ ನೋಡುತ್ತಿದ್ದ.

ಸಿನಿಮಾ ಮುಗಿದ ಮೇಲೆ ಅವನು ಹಾಲಿನ ಎದುರಿನ ಚಹಾದಂಗಡಿಯಲ್ಲಿ ನನಗಾಗಿ ಕಾಯುತ್ತಿದ್ದ. ಹೋಗಿ ಪಕ್ಕದಲ್ಲಿ ಕುಳಿತೆ. ಎರಡು ಚಹಾ ಹೇಳಿದೆ. ಮಾತು ಅವನೇ ಶುರುಮಾಡಿದ.

"ಅದು ಬರೇ ಕೆಸರ ಐತಿ. ಖರೇ ಗುಂಡ್ಯಾಗ ಬಿದ್ದಾಂವ ಹಂಗ ಬಾಯಿ ತೆರಿಯಂಗಿಲ್ಲ. ಉಸರ ಹಿಡದು ಮ್ಯಾಲಿನ ಬೆಳಕ ನೋಡತಾನ."

"ಹೂಂ."

"ಅಷ್ಟು ಕೇಕ್ ಮ್ಯಾಲೆ ಕಾರಿಕೊಂಡ್ರಲ್ಲ, ಅದ ನೋಡಾಕ ಆಗಲಿಲ್ಲ ನನಗ. ಉಣ್ಣೂ ಪದಾರ್ಥ ಹಂಗ ಹಾಳ ಮಾಡೂದಂದ್ರ ಏನು? ಹೇಸಿಗಿ ಬಂತು."

ಚಹಾ ಬಂತು. ಅವನು ಗ್ಲಾಸನ್ನು ಎರಡೂ ಕೈಯಲ್ಲಿ ಹಿಡಿದುಕೊಂಡ.

"ಆ ಮಾತು ನಿಮ್ಮವ್ವಂದಲ್ಲ?"

"ಹೌದಪಾ."

"ಅವರಿಗೆ ಹೆಂಗ ಗೊತ್ತಾತು?"

"ನಾನ ಹೇಳಿಕೊಟ್ಟೇನಿ."

ಅವನು ಗ್ಲಾಸನ್ನು ಕೆಳಗಿಟ್ಟ. "ಆಕಿ ಹಂಗ ಒದರತಿದ್ದಿದ್ದು ಖರೇ. ಆದ್ರ ಆಕಿ ನೀರ ಕಾಸಿ ಇಟ್ಟಿರತಿದ್ಲು. ಒಂದ ದಿನಾನೂ ತಣ್ಣೀರ ಹಾಕಿದಾಕಿ ಅಲ್ಲ. ನೀ ಅದನ್ನ ಹೇಳಲೇ ಇಲ್ಲ" ಎಂದ.

ಅಷ್ಟರಲ್ಲಿ ಸಾಹೇಬರು ನಗುತ್ತ ಬಂದರು. ನಾನು ಎದ್ದು ನಿಂತು, ಜೀವನದಲ್ಲಿ ಮೊದಲ ಸಲ ಅವರ ಎದುರು, "ಇವರು ನಮ್ಮ ಅಪ್ಪಾರು" ಎಂದೆ.

"ಅರೇ, ಹೌದ್ರಿ! ನಮಸ್ಕಾರ್ರಿ ಹಿರಿಯಾರ. ಪುರಸಭೆದಾಗ ಕ್ಲರ್ಕ್ ಇದ್ರಂತಲ್ರಿ ನೀವು? ಸರ ಹೇಳ್ಯಾರ" ಎಂದು ಸಾಹೇಬರು ಅಪ್ಪನ ಕೈಯನ್ನು ತಮ್ಮ ಎರಡೂ ಕೈಗಳಲ್ಲಿ ಹಿಡಿದರು.

ಅಪ್ಪ ಒಂದು ಗಳಿಗೆ ನನ್ನ ಮುಖ ನೋಡಿದ. "ಹೌದ್ರಿ ಸಾಹೇಬ್ರ" ಎಂದ.

ನನ್ನ ಸುಳ್ಳನ್ನು ಅವನು ಅಷ್ಟು ಸಲೀಸಾಗಿ ಎತ್ತಿಕೊಂಡದ್ದನ್ನು ಕಂಡು, ಇದುವರೆಗೆ ಯಾವ ಗುಂಡಿಯನ್ನು ಕಂಡೂ ಬಾರದಷ್ಟು ಹೇಸಿಗೆ ನನ್ನ ಮೇಲೆ ನನಗೇ ಬಂತು. "ಇಲ್ರಿ ಸಾಹೇಬ್ರ" ಎಂದೆ. "ಕ್ಲರ್ಕ್ ಅಲ್ಲ. ಗುಂಡಿ ತೆಗೀತಿದ್ರು. ಒಳಗ ಇಳದು. ನಾ ಸುಳ್ಳ ಹೇಳಿದ್ದೆ."

ಸಾಹೇಬರ ಕೈ ಸಡಿಲವಾಯಿತು. ಹಿಂದಕ್ಕೆ ತೆಗೆದುಕೊಂಡರೆ ತಪ್ಪಾಗುತ್ತದೆಂದು ಅವರಿಗೆ ಗೊತ್ತಿತ್ತು, ಹಿಡಿದುಕೊಂಡೇ ಇರಲೂ ಆಗಲಿಲ್ಲ. ಕಡೆಗೆ ಅಪ್ಪನೇ ತನ್ನ ಕೈ ಬಿಡಿಸಿಕೊಂಡ.

"ಛೇ ಛೇ, ನಮಗೇನ್ ಗೊತ್ರಿ... ತಪ್ಪ ತಿಳ್ಕೋಬ್ಯಾಡ್ರಿ ಹಿರಿಯಾರ... ಅದು ಬರೇ ಪಿಚ್ಚರ್ ಅಲ್ರಿ, ಚಾಷ್ಟಿ, ನಗಸಾಕ ಮಾಡಿದ್ದು..." ಸಾಹೇಬರು ಅದನ್ನೇ ನಾಲ್ಕು ಸಲ ಹೇಳಿದರು. ಅವರಿಗೆ ತಂದಿಟ್ಟ ಚಹಾವನ್ನು ಮುಟ್ಟಲಿಲ್ಲ. ಕಾರಿನ ಕಡೆ ಹೋಗುವಾಗ ಕೈಯನ್ನು ಪ್ಯಾಂಟಿಗೆ ಒರೆಸಿಕೊಂಡರು. ಬೇಕೆಂದು ಮಾಡಿದ್ದಲ್ಲ ಇರಬಹುದು. ನಾನು ನೋಡಿದೆ, ಅಪ್ಪನೂ ನೋಡಿದ.

"ಯಾಕ ಹೇಳಿದಿ?" ಎಂದ ಅಪ್ಪ. "ನಾ ಹೂಂ ಅಂದಿದ್ನಲ್ಲ?" ದನಿಯಲ್ಲಿ ಸಿಟ್ಟಿತ್ತು. ನನ್ನ ಮೇಲೆ ಅವನು ಸಿಟ್ಟು ಮಾಡಿದ್ದನ್ನು ನಾನು ಕೇಳಿದ್ದು ಅದೇ ಮೊದಲು.

ಅಂದು ನಾನು ಕಾರಿನಲ್ಲಿ ವಾಪಸಾಗಲಿಲ್ಲ, ಬಸ್ಸು ಹಿಡಿದೆ. ನಮ್ಮ ಸಿನಿಮಾ ಗುಂಪಿನವರು ಯಾರೂ ನನ್ನನ್ನು ತೆಗೆದುಹಾಕಲಿಲ್ಲ. ಬದಲಿಗೆ ಎಲ್ಲರೂ ಬಹಳ ಮರ್ಯಾದೆಯಿಂದ ಮಾತಾಡಲು ತೊಡಗಿದರು, ನನ್ನೆದುರು ಯಾರೂ ನಗದಂತಾದರು. ಎರಡು ತಿಂಗಳ ನಂತರ ನಾನೇ ಬಿಟ್ಟೆ. ಸಿಂದಗಿಯ ಹುಡುಗರ ಫೋನುಗಳಲ್ಲಿ ಆ ತುಣುಕು ಇನ್ನೂ ಇದೆ. ಕಾಲೇಜಿನ ಮೆಟ್ಟಿಲ ಮೇಲೆ ಒಮ್ಮೊಮ್ಮೆ ನನ್ನ ಬೆನ್ನ ಹಿಂದೆ ಆ ಹೆಣ್ಣು ದನಿ ಕೇಳಿಸುತ್ತದೆ. ತಿರುಗಿ ಗದರಿಸುವ ಹಕ್ಕು ನನಗಿಲ್ಲ.

ಈಗ ಭಾನುವಾರಗಳಲ್ಲಿ ಮುದ್ದೇಬಿಹಾಳಕ್ಕೆ ಹೋಗುತ್ತೇನೆ. ಮೊದಮೊದಲು ನಾವು ಹವೆಯ ಬಗ್ಗೆ, ತಂಗಿಯ ಮಕ್ಕಳ ಶಾಲೆಯ ಬಗ್ಗೆ ಮಾತಾಡುತ್ತಿದ್ದೆವು. ಹೋದ ತಿಂಗಳು ಧೈರ್ಯ ಮಾಡಿ ಕೇಳಿದೆ: "ಅಪ್ಪಾ, ಮೊದಲನೇ ಸಲ ಇಳದಾಗ ಹೆಂಗಿತ್ತು?"

ಅವನು ಶೇಂಗಾ ಸುಲಿಯುತ್ತಿದ್ದ. ಸುಲಿಯುವುದನ್ನು ನಿಲ್ಲಿಸದೆ ಹೇಳತೊಡಗಿದ. ಎಷ್ಟು ಆಳವಿತ್ತು, ಕಾಲಿಗೆ ಏನೇನು ತಾಗಿತು, ಕಿವಿಯೊಳಗೆ ಏನು ಹೋಯಿತು, ಮೇಲಿದ್ದವರು ಹಗ್ಗ ಹಿಡಿದುಕೊಂಡು ಏನು ಮಾತಾಡುತ್ತಿದ್ದರು, ಮೂರು ದಿನ ಅನ್ನದಲ್ಲಿ ಯಾವ ರುಚಿ ಬಂತು, ಎಲ್ಲವನ್ನೂ ಹೇಳಿದ. ಅವಸರವಿಲ್ಲದೆ, ಯಾರ ಮೇಲೂ ದೂರಿಲ್ಲದೆ. ನನಗೆ ಮೊದಲಿನ ಹಾಗೆಯೇ ಹೇಸಿಗೆ ಬಂತು, ಎರಡು ಸಲ ಕಣ್ಣು ಮುಚ್ಚಿಕೊಂಡೆ. ಅವನು ಅದನ್ನು ಗಮನಿಸಿ "ಸಾಕು ಬಿಡು" ಎಂದ.

"ಇಲ್ಲಪಾ, ಹೇಳು" ಎಂದೆ. ಅವನು ಸುಲಿದ ಕಾಳು ಒಂದು ಹಿಡಿ ನನ್ನ ಅಂಗೈಗೆ ಸುರಿದು ಮುಂದುವರಿಸಿದ. ಕೇಳುತ್ತ ಕೇಳುತ್ತ ಒಂದೊಂದಾಗಿ ತಿಂದೆ.